ಹತ್ತಿ ಅಮ್ಮ, ಬಿಡ್ತೀನಿ
ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾನು ಈ ಮನೆಯ ಹಿರಿಯಳು. ಇಲ್ಲಿ ನನ್ನ ಮಾತು ಮೀರಿದ್ದು ನನ್ನ ಬಿಪಿ ಒಂದೇ. ದಿನಾ ಅರ್ಧ ಗಂಟೆ ನಡೆದರೆ ಅದು ಹತೋಟಿಗೆ ಬರುತ್ತದೆ, ಹೃದಯಕ್ಕೂ ಒಳ್ಳೆಯದು ಎಂದಿದ್ದಾರೆ ಡಾಕ್ಟರು. ಆದರೆ ನಮ್ಮ ಕಡೆ ನಡೆಯುವವರನ್ನು ಕಂಡರೆ ಗಾಡಿ ನಿಲ್ಲಿಸದೆ ಹೋಗುವವರಿಲ್ಲ. ಇವತ್ತು ಬೆಳಿಗ್ಗೆ ಹರಿಹರಪುರ ರಸ್ತೆಯಲ್ಲಿ ನಾಲ್ವರು ನಿಲ್ಲಿಸಿ, "ಹತ್ತಿ ಅಮ್ಮ, ಬಿಡ್ತೀನಿ" ಎಂದರು. ನಾಲ್ವರಿಗೂ ಬೇಡವೆಂದೆ.

ಮನೆಗೆ ಬಂದರೆ ಮಗ ಮುಖ ಊದಿಸಿಕೊಂಡು ನಿಂತಿದ್ದ. "ಎಂತ ಅಮ್ಮ, ಕಾರಿದ್ದೂ ತಾಯಿನ ನಡೆಸ್ತೀಯಾ ಅಂತ ಊರವರೆಲ್ಲ ನಂಗೆ ಫೋನ್ ಮಾಡಿ ಬೈತಾರೆ. ನಾಳೆಯಿಂದ ಅಂಗಳದಲ್ಲೇ ನಡಿ."

"ಅಂಗಳ ಸುತ್ತೋಕೆ ನಾನೇನು ಕಟ್ಟಿದ ಕರುವಾ? ನೀನೂ ಬಿಪಿ ಮಾತ್ರೆ ನುಂಗ್ತೀಯಲ್ಲ ಮಾರಾಯ, ನೀನೇ ಬಾ" ಎಂದೆ.

ಅವನ ಕೈಯಿಂದ ಕಾರಿನ ಕೀ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಜೆ ಅವನೂ ನನ್ನ ಜೊತೆ ನಡೆದ. ಗಾಡಿ ನಿಲ್ಲಿಸಿದವರಿಗೆಲ್ಲ ಬೇಡ ಎನ್ನುವ ಕೆಲಸವನ್ನು ಅವನಿಗೇ ವಹಿಸಿದೆ.