ಕೆಲಸ ಬಿಡುವ ಸ್ವಾತಂತ್ರ್ಯ

ಅರ್ಥಶಾಸ್ತ್ರದ ಮೇಡಂ ಕುತ್ತಿಗೆ ಬಗ್ಗಿಸಿಕೊಂಡೇ ಪಾಠ ಮಾಡುತ್ತಿದ್ದರು. ಅವರು ಎತ್ತರದ ಹೆಂಗಸು. ನಮ್ಮ ತರಗತಿ ಇದ್ದದ್ದು ವಿಜಯನಗರದ ಒಂದು ಖಾಸಗಿ ಪಿಯು ಕಾಲೇಜಿನ ತಾರಸಿಯ ಮೇಲೆ, ಶೀಟು ಹೊದಿಸಿದ ಕೊಠಡಿಯಲ್ಲಿ. ಬೋರ್ಡಿನ ಕಡೆ ಶೀಟು ತಗ್ಗಿತ್ತು. ಬಿಸಿಲುಗಾಲದಲ್ಲಿ ಅವರ ರವಿಕೆಯ ಬೆನ್ನು ಪೂರ್ತಿ ನೆನೆದಿರುತ್ತಿತ್ತು.

ಪುಸ್ತಕದ ಮಾತನ್ನು ಅವರು ಬೀದಿಗಿಳಿಸಿ ಹೇಳುತ್ತಿದ್ದರು. ಬಂಡವಾಳಶಾಹಿ ಅಂದರೆ ಕಾಲೇಜಿನ ಎದುರಿನ ಎರಡು ಬೇಕರಿಗಳು. ಒಡೆತನ ಅವರವರದು, ಉದ್ದೇಶ ಲಾಭ. ಒಬ್ಬ ಪಫ್ಸ್ ದೊಡ್ಡದು ಮಾಡಿದರೆ ಇನ್ನೊಬ್ಬನೂ ಮಾಡಬೇಕು. ಎಲ್ಲಿ ತಿನ್ನಬೇಕು ಅನ್ನುವುದು ನಮ್ಮಿಷ್ಟ. ಎಲ್ಲಿ ಕೆಲಸ ಮಾಡಬೇಕು, ಯಾವಾಗ ಬಿಡಬೇಕು ಅನ್ನುವುದೂ ಅಲ್ಲಿನ ಕೆಲಸಗಾರನ ಇಷ್ಟ. ಮಿಶ್ರ ಅರ್ಥವ್ಯವಸ್ಥೆ ಅಂದರೆ ಆಟೋ: ಗಾಡಿ ಖಾಸಗಿಯವನದು, ದರ ಗೊತ್ತುಮಾಡುವುದು ಸರ್ಕಾರ.

“ಮೀಟರ್ ಯಾರು ಹಾಕ್ತಾರೆ ಮೇಡಂ?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಎಲ್ಲರೂ ನಕ್ಕರು.

“ನಿಯಮ ಇದೆ ಅಂತ ಬರ್ಕೊಳ್ಳಿ. ಹಾಕ್ತಾರೋ ಇಲ್ವೋ ಅನ್ನೋದು ಪರೀಕ್ಷೆಗೆ ಬರಲ್ಲ,” ಎಂದರು. ಅವರು ನಗಲಿಲ್ಲ.

ಎಂ.ಎ. ಮುಗಿಸಿ ನಾನು ಅದೇ ಕಾಲೇಜಿಗೆ ಕೆಲಸ ಕೇಳಿಕೊಂಡು ಹೋದೆ. ಕುರುಬರಹಳ್ಳಿಯ ನಮ್ಮ ಮನೆ ನಡೆಯಲು ನನ್ನ ಸಂಬಳ ಬೇಕೇಬೇಕಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿ, “ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಆಫೀಸಲ್ಲಿ ಕೊಟ್ಬಿಡಮ್ಮ, ಸೇಫಾಗಿರುತ್ತೆ,” ಎಂದರು. ಹೂಂ ಅಂದು ಹೊರಬಂದೆ. ಮೆಟ್ಟಿಲ ಹತ್ತಿರ ಮೇಡಂ ಕೈ ಹಿಡಿದು ನಿಲ್ಲಿಸಿದರು.

“ಒರಿಜಿನಲ್ ಕೊಡಬೇಡ ಕಣೇ.”

“ಕೊಡದೇ ಇದ್ರೆ ಕೆಲಸ ಇಲ್ವಂತೆ ಮೇಡಂ.”

“ಕೆಲಸ ಬೇಡ ಅನ್ನು. ನಂದು ಇನ್ನೂ ಅವರ ಬೀರುವಿನಲ್ಲೇ ಇದೆ.”

ಆವತ್ತೇ ನನಗೆ ಗೊತ್ತಾದದ್ದು. ಹಿಂದೊಮ್ಮೆ ಅವರು ಸರ್ಕಾರಿ ಕಾಲೇಜಿನ ಹುದ್ದೆಗೆ ಆಯ್ಕೆಯಾಗಿ, ಮೂಲ ದಾಖಲೆ ತರಬೇಕೆಂದು ಕರೆ ಬಂದಿತ್ತು. ಕಾರ್ಯದರ್ಶಿ ಕೊಡುವುದಿಲ್ಲ ಎನ್ನಲಿಲ್ಲ. ಬೀಗದ ಕೈ ಇಲ್ಲ, ನಾಳೆ ಬನ್ನಿ, ಮಕ್ಕಳ ಪರೀಕ್ಷೆ ಮುಗೀಲಿ ಎನ್ನುತ್ತಾ ಹೋದರು. ಠಾಣೆಗೆ ಹೋದರೆ, “ಕೂತು ಮಾತಾಡ್ಕೊಳ್ಳಿ ಮೇಡಂ, ಅಲ್ಲೇ ಕೆಲಸ ಮಾಡ್ಬೇಕಲ್ವಾ,” ಎಂದು ಕಳಿಸಿದರಂತೆ. ಗಡುವು ಕಳೆಯಿತು. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸು ಮೀರಿತ್ತು.

“ಸರ್ಕಾರಾನೂ ಇರುತ್ತೆ, ಖಾಸಗಿಯೋರೂ ಇರ್ತಾರೆ ಅಂತ ನಾನೇ ಪಾಠ ಮಾಡ್ತೀನಿ,” ಎಂದರು. “ಇಬ್ರೂ ಇದ್ರು. ನನಗೆ ಹೋಗೋಕೆ ಜಾಗ ಇರಲಿಲ್ಲ ಅಷ್ಟೆ.”

ನಾನು ದಾಖಲೆ ಕೊಡಲಿಲ್ಲ, ಆ ಕೆಲಸವೂ ಸಿಗಲಿಲ್ಲ. ಆರ್‌ಪಿಸಿ ಲೇಔಟಿನಲ್ಲಿ ಮನೆಪಾಠ ಹೇಳಿಕೊಂಡು ಕಾಲ ತಳ್ಳಿದೆ. ಮಕ್ಕಳನ್ನು ಹುಡುಕಿ ಕಳಿಸಿದವರೂ ಮೇಡಂ ಅವರೇ. ಅದು ಕಾರ್ಯದರ್ಶಿಯ ಕಿವಿಗೆ ಬಿದ್ದು, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವರನ್ನು ಬೈದರಂತೆ. ಅವರು ತಲೆತಗ್ಗಿಸಿ ಕೇಳಿಸಿಕೊಂಡು ತರಗತಿಗೆ ಹೋದರಂತೆ. ಎರಡು ವರ್ಷದ ನಂತರ ನನಗೆ ಸರ್ಕಾರಿ ಕೆಲಸವಾಯಿತು. ಇವತ್ತು ನಾನು ಉಣ್ಣುವ ಅನ್ನ ಅವರು ಬೈಸಿಕೊಂಡು ಕೊಟ್ಟದ್ದು.

ಅವರು ನಿವೃತ್ತರಾದ ದಿನ ಹೋಗಿದ್ದೆ. ಕಾರ್ಯದರ್ಶಿ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆ ಅವರ ದಾಖಲೆಗಳ ಕವರನ್ನೂ ಕೈಗಿತ್ತರು. ಸಭೆ ಚಪ್ಪಾಳೆ ತಟ್ಟಿತು. ಬಸ್ ಸ್ಟಾಪಿನಲ್ಲಿ ಅವರು ಪದವಿ ಪತ್ರವನ್ನು ಹೊರತೆಗೆದು, ತಮ್ಮ ಹೆಸರನ್ನು ನಿಧಾನವಾಗಿ ಓದಿಕೊಂಡರು.

“ಈಗ ಎಲ್ಲಿಗ್ ಬೇಕಾದ್ರೂ ಹೋಗ್ಬಹುದು ನೋಡು,” ಎಂದರು.

ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು.