ಭೂಮಿಗಿಟ್ಟ ತುತ್ತು

ಕಳೆದ ಸಲ ರಜೆಗೆ ಬಂದಾಗ ನೀವಿಬ್ಬರೂ ಮುಂದಿನ ಕೋಣೆಯ ಕಪಾಟು ತೆಗೆದು, "ಅಜ್ಜೀ, ಇದೆಲ್ಲ ಪೊಲೀಸರ ಹತ್ರ ಇರೋದಲ್ವಾ? ನಿನ್ನ ಹತ್ರ ಯಾಕಿದೆ?" ಎಂದು ಕೇಳಿದಿರಿ. "ನಿಮ್ಮಜ್ಜಂದು" ಎಂದಷ್ಟೇ ಹೇಳಿ ನಾನು ಅಡುಗೆಮನೆಗೆ ಹೋದೆ. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ. ಮೊಮ್ಮಕ್ಕಳ ಮುಂದೂ ನಾಚಿಕೆಯೇ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ, ನಿಧಾನಕ್ಕೆ ಬರೆಯಬಲ್ಲೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮಜ್ಜ ಭದ್ರಾವತಿಯ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದರು. ಆ ಕೆಲಸ ಬಿಟ್ಟ ಮೇಲೆ ಶಿವಮೊಗ್ಗದ ಹೊಸಮನೆಯಲ್ಲಿ ಈ ಮನೆ ಹಿಡಿದು, ಮೆಟಲ್ ಡಿಟೆಕ್ಟರ್ ತರಿಸಿ ಮಾರುವ ಸಣ್ಣ ವ್ಯಾಪಾರ ಶುರು ಮಾಡಿದರು. ಅಂಗಡಿ ಅಂದರೆ ಮುಂದಿನ ಕೋಣೆ, ಬೋರ್ಡು ಅಂದರೆ ಕಿಟಕಿಗೆ ಅಂಟಿಸಿದ ಒಂದು ಹಾಳೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾವಲಿನವರು ಮೈ ಸವರುತ್ತಾರಲ್ಲ, ಆ ಕೈಕೋಲು ಒಂದು ಬಗೆ. ಉದ್ದ ಹಿಡಿಯ ತುದಿಗೆ ತಟ್ಟೆಯಗಲದ ಚಕ್ರ ಇರುವುದು ನೆಲ ಹುಡುಕುವ ಬಗೆ. ಮರದ ಮಿಲ್ಲಿನವರು ದಿಮ್ಮಿಯೊಳಗೆ ಹಳೆ ಮೊಳೆ ಉಳಿದಿದೆಯೇ ಎಂದು ನೋಡುವುದಕ್ಕೆ ಕೊಳ್ಳುತ್ತಾರೆ. ಮೊಳೆಗೆ ತಾಗಿದರೆ ಗರಗಸದ ಹಲ್ಲು ಹಾರುತ್ತದೆ. ಭದ್ರಾವತಿಯ ಗುಜರಿಯವರು ಮಣ್ಣಿನಲ್ಲಿ ಹುದುಗಿದ ಕಬ್ಬಿಣಕ್ಕೆ ಕೊಳ್ಳುತ್ತಾರೆ. ಇನ್ನು ನಿಧಿಯ ಆಸೆಯವರು. ಅವರಿಗೆ ನಿಮ್ಮಜ್ಜ ಕೊಡುತ್ತಿರಲಿಲ್ಲ.

"ಎಷ್ಟು ಅಡಿ ಕೆಳಗಿಂದು ಹಿಡಿಯುತ್ತೆ ಸಾರ್? ಇಪ್ಪತ್ತು?"

"ಏನು ಹುಡುಕ್ಬೇಕು?"

"ಏನಿಲ್ಲ ಸಾರ್, ತೋಟದಲ್ಲಿ ನೀರಿನ ಪೈಪು."

"ಇಪ್ಪತ್ತಡಿ ಕೆಳಗೆ ಪೈಪು ಹೂಳಿದೋನು ಯಾರು ಮಾರಾಯ? ಮೊದ್ಲು ಅವನನ್ನ ಹುಡುಕು, ಹೋಗು."

ನಾನು ಬಾಗಿಲ ಹಿಂದೆ ನಿಂತು ನಗುತ್ತಿದ್ದೆ. ಸಂಜೆ ಗಿರಾಕಿ ಇಲ್ಲದಾಗ ಅವರು ಒಂದು ನಾಣ್ಯವನ್ನು ಚಾಪೆ ಕೆಳಗೋ ಅಕ್ಕಿ ಡಬ್ಬಿಯಲ್ಲೋ ಬಚ್ಚಿಟ್ಟು, "ಹುಡುಕು ನೋಡೋಣ" ಎನ್ನುತ್ತಿದ್ದರು. ಕಬ್ಬಿಣದ ಸದ್ದು ಒರಟು, ಹರಿದು ಹರಿದು ಬರುತ್ತದೆ. ಬಂಗಾರದ್ದೂ ಹಿತ್ತಾಳೆಯದ್ದೂ ದುಂಡಗೆ ಬರುತ್ತದೆ. ಆದರೆ ಸೋಡಾ ಬಾಟಲಿಯ ಮುಚ್ಚಳ, ಗುಟ್ಕಾ ಚೀಟಿಯ ಬೆಳ್ಳಿಹಾಳೆ ಕೂಡ ಹಾಗೇ ದುಂಡಗೆ ಕೂಗಿ ಮೋಸ ಮಾಡುತ್ತವೆ. ಇದನ್ನೆಲ್ಲ ನಾನು ಕಲಿತದ್ದು ಆಟದಲ್ಲಿ.

ಅವರು ಹೋದ ಮೇಲೂ ವ್ಯಾಪಾರ ಬಿಡಲಿಲ್ಲ. ಬಿಡದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಬಿಟ್ಟರೆ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ ಅನ್ನಿಸಿತು. ಹೊಸ ಮೆಷಿನ್ ಬಂದರೆ ಪರೀಕ್ಷೆ ಮಾಡಲೇಬೇಕು. ಈಗ ನಾಣ್ಯ ಬಚ್ಚಿಡುವವಳೂ ನಾನೇ, ಹುಡುಕುವವಳೂ ನಾನೇ. ಎಲ್ಲಿದೆ ಎಂದು ಗೊತ್ತಿರುವುದನ್ನು ಹುಡುಕುವಾಗ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದು ನಿಮಗೆ ಹೇಗೆ ಹೇಳಲಿ.

ಭೂಮಿ ಹುಣ್ಣಿಮೆ ಕಳೆದು ನಾಲ್ಕನೇ ದಿನ ಒಂದು ಫೋನು ಬಂತು. ಹೊಳೆಹೊನ್ನೂರಿನ ಕಡೆಯ ಹೆಣ್ಣುದನಿ. ಪಿಸುಮಾತು.

"ಅಮ್ಮಾ, ಬಂಗಾರ ಹುಡುಕೋ ಮಿಷಿನ್ ನಿಮ್ಮತ್ರ ಸಿಗುತ್ತಂತೆ. ಬಾಡಿಗೆಗೆ ಕೊಡ್ತೀರಾ?"

"ಬಾಡಿಗೆಗೆ ಕೊಡಲ್ಲಮ್ಮ. ಏನು ಕಳೆದಿದೆ?"

"ತಾಳಿ ಸರ" ಎಂದಳು.

ನೀವು ಪೇಟೆಯಲ್ಲಿ ಬೆಳೆದವರು, ಅದಕ್ಕೆ ಈ ಹಬ್ಬದ ಬಗ್ಗೆ ಹೇಳಬೇಕು. ಭೂಮಿ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ, ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿತಾಯಿ ಬಸುರಿ ಎಂದು ನಮ್ಮ ಕಡೆ ಅವಳಿಗೆ ಸೀಮಂತ ಮಾಡುತ್ತಾರೆ. ಗದ್ದೆಯ ಮೂಲೆಯಲ್ಲಿ ನಾಲ್ಕು ಬುಡ ಪೈರಿಗೆ ರವಿಕೆ ಕಣ ಸುತ್ತಿ, ಮನೆಯ ಹೆಂಗಸರು ತಮ್ಮ ಕೊರಳ ಸರವನ್ನೇ ತೆಗೆದು ಪೈರಿಗೆ ಹಾಕಿ ಪೂಜೆ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಸರ ಮತ್ತೆ ಕೊರಳಿಗೆ. ಕಡುಬು, ಪಲ್ಯ, ಅನ್ನ ಬಾಳೆಲೆಯಲ್ಲಿಟ್ಟು ಬದುವಿನ ಪಕ್ಕ ಗುಂಡಿ ತೆಗೆದು ಹೂಳುತ್ತಾರೆ. ಅದು ಬಸುರಿಯ ತುತ್ತು. ಅದನ್ನು ಹೂಳುವುದು ಮನೆಯ ಹಿರಿಯ ಹೆಂಗಸು. ಹೂತದ್ದನ್ನು ಯಾರೂ ಮತ್ತೆ ಮುಟ್ಟುವುದಿಲ್ಲ.

ಈ ಹುಡುಗಿ ಮದುವೆಯಾಗಿ ಎರಡು ವರ್ಷದ ಸೊಸೆ. ಪೈರಿಗೆ ಹಾಕಿದ ಅವಳ ಸರ ಪೂಜೆಯ ಗದ್ದಲದಲ್ಲಿ ಕಾಣೆಯಾಗಿತ್ತು. ಅವಳ ಅಣ್ಣ ಆಗಷ್ಟೇ ಮನೆ ಕಟ್ಟಿಸಲು ಹೊರಟಿದ್ದನಂತೆ. ಹಬ್ಬಕ್ಕೂ ಬಂದಿದ್ದ. ಸರವನ್ನು ಸೊಸೆಯೇ ಅಣ್ಣನ ಕೈಗೆ ದಾಟಿಸಿದಳು ಎಂದು ಅತ್ತೆ ನೆರೆಮನೆಯವರ ಮುಂದೆಯೇ ಹೇಳಿಬಿಟ್ಟಿದ್ದರು. "ನಾಡಿದ್ದು ಅಣ್ಣ ಬಂದು ಕರ್ಕೊಂಡು ಹೋಗ್ತಾನಮ್ಮ. ಹೋದ್ರೆ ಮತ್ತೆ ಕರೆಯಲ್ಲ ಇವರು" ಎಂದು ಫೋನಿನಲ್ಲಿ ಅತ್ತಳು.

ನಾನು ಯಾರ ಮನೆಗೂ ಹೋಗುವವಳಲ್ಲ. ಮದುವೆ, ನಾಮಕರಣಕ್ಕೂ ಹಿಂದಿನ ಸಾಲಿನಲ್ಲಿ ಕೂತು ಬರುವವಳು. ಆದರೂ ಮರುದಿನ ಬೆಳಿಗ್ಗೆ ಮೆಷಿನ್ನನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ "ಏನಮ್ಮ, ವೀಣೆನಾ?" ಎಂದ. ಹೌದು ಎಂದುಬಿಟ್ಟೆ.

ಗದ್ದೆಯಲ್ಲಿ ಮೂವರಿದ್ದರು. ಸೊಸೆ, ಅವಳ ಗಂಡ, ಅತ್ತೆ. ಸೊಸೆಯ ಕೊರಳಲ್ಲಿ ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. ಅತ್ತೆ ನನ್ನ ಬರಿಯ ಹಣೆಯನ್ನೂ ಬರಿಯ ಕಾಲ್ಬೆರಳನ್ನೂ ಒಂದು ಸಲ ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಅವರು ಕೆಟ್ಟವರೆಂದು ಬರೆಯುತ್ತಿಲ್ಲ. ಸೀಮಂತ ಮಾಡಿದ ಗದ್ದೆಗೆ ನನ್ನಂಥವಳು ಕಾಲಿಡುವುದು ನನಗೇ ಸರಿ ಕಂಡಿರಲಿಲ್ಲ.

"ನಾನು ಬದುವಿನ ಮೇಲೆ ನಿಲ್ತೀನಿ. ಹೆಂಗೆ ಹಿಡಿಯೋದು ಅಂತ ತೋರಿಸ್ತೀನಿ, ನೀವೇ ಹುಡುಕಿ" ಎಂದೆ.

ಗಂಡ ಮೆಷಿನ್ ಹಿಡಿದು ಹುಲ್ಲು ಸವರುವವನಂತೆ ಬೀಸಿದ. ಚಕ್ರ ನೆಲದಿಂದ ಮೊಳ ಮೇಲಿತ್ತು. ಹತ್ತು ನಿಮಿಷ ಬೀಸಿ, "ಏನೂ ಇಲ್ಲ" ಎಂದು ಕೆಳಗಿಟ್ಟ. ಸೊಸೆ ಎತ್ತಿಕೊಂಡಳು. ಅವಳು ನಿಧಾನಕ್ಕೆ, ನೆಲಕ್ಕೆ ಹತ್ತಿರವೇ ಆಡಿಸಿದಳು. ಆದರೆ ಹೆಜ್ಜೆಹೆಜ್ಜೆಗೂ ಮೆಷಿನ್ ಕೂಗಿತು. ಅವಳದೇ ಕಾಲುಂಗುರ.

"ಬಿಚ್ಚಿಡ್ಲಾ?" ಎಂದಳು.

"ಕೊರಳಿಂದು ಹೋಗಿದ್ದು ಸಾಲ್ದಾ ನಿಂಗೆ? ಕಾಲಿಂದೂ ಬಿಚ್ಚು, ಇನ್ನೇನು!" ಎಂದರು ಅತ್ತೆ.

ಹುಡುಗಿ ಮೆಷಿನ್ ಹಿಡಿದು ಹಾಗೇ ನಿಂತಳು. ಆಗ ನಾನು ಬದುವಿನಿಂದ ಇಳಿದೆ. ನನ್ನ ಮೈಮೇಲೆ ಕೂಗುವಂಥದ್ದು ಏನೂ ಇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ.

ಪೂಜೆಯ ಪೈರಿನ ಸುತ್ತ ಅಂಗೈಯಗಲದ ಜಾಗವನ್ನೂ ಬಿಡದೆ ನೋಡಿದೆ. ಒಂದು ತುಕ್ಕು ಹಿಡಿದ ಕುಡುಗೋಲಿನ ತುಂಡು, ಒಂದು ಮೊಳೆ. ಸೂರ್ಯ ನೆತ್ತಿಗೆ ಬಂದ. ಗಂಡ ನಾಲೆಯ ಕಟ್ಟೆ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ನೀರು ಹಾಯಿಸುವ ಕಾಲುವೆಯನ್ನೂ ನೋಡಿ ತಿರುಗುವಾಗ ಬದುವಿನ ಪಕ್ಕ, ಹೊಸದಾಗಿ ಮಣ್ಣು ಮುಚ್ಚಿದ ಜಾಗದಲ್ಲಿ ಸದ್ದು ಬಂತು. ದುಂಡಗೆ. ಚಕ್ರ ಆಚೆ ಸರಿಸಿ ಮತ್ತೆ ತಂದೆ. ಮತ್ತೆ ಅಲ್ಲೇ.

"ಇಲ್ಲಿ ಏನು ಹೂತಿದೀರಿ?" ಎಂದು ಕೇಳಿದೆ. ಕೇಳುವ ಮೊದಲೇ ಗೊತ್ತಾಗಿತ್ತು.

"ಅದು ತುತ್ತಿನ ಗುಂಡಿ" ಎಂದರು ಅತ್ತೆ. "ಅಲ್ಲಿ ಹುಡುಕ್ಬೇಡಿ."

"ನಾಣ್ಯ ಏನಾದ್ರೂ ಇಟ್ಟಿದ್ರಾ?"

"ಭೂಮ್ತಾಯಿ ನಾಣ್ಯ ತಿಂತಾಳಾ? ಕಡುಬು, ಅನ್ನ, ಹೂವು ಅಷ್ಟೇ. ನಾನೇ ಕೈಯಾರೆ ಇಟ್ಟಿದ್ದು."

ಹೇಳಿದ ಕೂಡಲೇ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ನಾಲ್ಕು ದಿನದಿಂದ ಗದ್ದೆ, ಮನೆ, ಬುಟ್ಟಿ, ಸೊಸೆಯ ಟ್ರಂಕು ಎಲ್ಲ ಜಾಲಾಡಿದ್ದ ಆ ಮನೆಯವರಿಗೆ ಆ ಗುಂಡಿ ಒಂದು ಜಾಗ ಅಂತಲೇ ತೋಚಿರಲಿಲ್ಲ. ತೋಚುವುದೂ ಇಲ್ಲ. ನನ್ನ ತವರಿನಲ್ಲೇ ಕಳೆದಿದ್ದರೆ ನನಗೂ ತೋಚುತ್ತಿರಲಿಲ್ಲ.

"ಅಗೀರಿ ಅತ್ತೆ" ಎಂದಳು ಸೊಸೆ.

"ಬಸುರಿ ಬಾಯಿಂದ ತುತ್ತು ಕಿತ್ಕೊಳ್ಳೋಕೆ ಹೇಳ್ತೀಯಾ? ಮನೆ ಉದ್ಧಾರ ಆಗುತ್ತಾ?" ಅತ್ತೆ ನನ್ನ ಕಡೆ ತಿರುಗಿದರು. "ಅದು ಬಂಗಾರವೇ ಅಂತ ನಿಮ್ಗೆ ಗ್ಯಾರಂಟಿನಾ?"

ಗ್ಯಾರಂಟಿ ಇರಲಿಲ್ಲ. ಕೆಳಗೆ ಗುಟ್ಕಾ ಚೀಟಿ ಇದ್ದರೆ? ಅಗೆದ ಪಾಪ ನನ್ನ ತಲೆಗೆ, ಹುಡುಗಿಗೂ ಇನ್ನಷ್ಟು ಮಾತು. "ಹೇಳೋಕಾಗಲ್ಲ" ಎಂದು ಮೆಷಿನ್ ಸುತ್ತಿಕೊಂಡು ಬಸ್ಸಿಗೆ ಹೋಗಬಹುದಿತ್ತು. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಗ್ಯಾರಂಟಿ ಇಲ್ಲಕ್ಕ" ಎಂದೆ. "ಆದ್ರೆ ಅಗೆಯದೆ ಇವಳನ್ನ ಕಳಿಸ್ಬೇಡಿ."

ಅಷ್ಟು ಜೋರಾಗಿ ನಾನು ಯಾರ ಮುಂದೆಯೂ ಮಾತಾಡಿರಲಿಲ್ಲ. ನಿಜಕ್ಕೂ ಜೋರಾಗಿತ್ತೋ ಇಲ್ಲವೋ, ನನಗೆ ಹಾಗೆ ಕೇಳಿತು.

"ಭೂಮ್ತಾಯಿಗೆ ಕೊಟ್ಟಿದ್ದು ಕಡುಬು ಅತ್ತೆ. ನನ್ನ ತಾಳಿನ ಯಾರೂ ಕೊಟ್ಟಿಲ್ಲ" ಎಂದಳು ಸೊಸೆ. ಗಂಡ ಗುದ್ದಲಿ ತರಲು ಎದ್ದ. "ಕಬ್ಬಿಣ ಹಾಕ್ಬೇಡ್ವೋ ಅಲ್ಲಿ!" ಎಂದು ಅತ್ತೆ ಕೂಗಿದರು. ಆಮೇಲೆ ತಾವೇ ಸೆರಗು ಸಿಕ್ಕಿಸಿ ಮಂಡಿಯೂರಿ ಕೂತರು. ಮಣ್ಣಿಗೆ ಹಣೆ ಹಚ್ಚಿ, "ತಪ್ಪಾಯ್ತು ತಾಯಿ" ಎಂದು ಬರಿಗೈಯಲ್ಲಿ ಮಣ್ಣು ಸರಿಸತೊಡಗಿದರು.

ಹುಳಿ ವಾಸನೆ ಬಂತು. ಬಾಳೆಲೆ ಕಪ್ಪಾಗಿತ್ತು. ಅದರ ಮಡಿಕೆಯಲ್ಲಿ ಕೊಳೆತ ಸೇವಂತಿಗೆ ಹೂವಿನ ಜೊತೆ ಸರ ಕಡುಬಿಗೆ ಅಂಟಿಕೊಂಡಿತ್ತು. ಪೈರಿನಿಂದ ಹೂವು ತೆಗೆಯುವಾಗ ಸರವೂ ಸೇರಿ ಬಂದಿದೆ. ಅದೇ ಹೂವನ್ನು ಅತ್ತೆ ಎಲೆಯ ಮೇಲೆ ಹಾಕಿ ಮಡಚಿದ್ದಾರೆ. ಅವರ ಕೈಯೇ.

ಅತ್ತೆ ಸರವನ್ನು ನಾಲೆಯ ನೀರಿನಲ್ಲಿ ತೊಳೆದರು. ಬಹಳ ಹೊತ್ತು ತೊಳೆದರು. ಆಮೇಲೆ ಮುಖ ನೋಡದೆ ಸೊಸೆಯ ಕಡೆ ಚಾಚಿದರು.

ಹುಡುಗಿ ಕೈ ನೀಡಲಿಲ್ಲ. "ನೀವೇ ಹಾಕಿ ಅತ್ತೆ. ಇಲ್ಲಿ ಬೇಡ. ಮನೆ ಮುಂದೆ, ಎಲ್ಲರೂ ನೋಡಲಿ."

"ಅಬ್ಬಾ, ಬಾಯಿ ನೋಡು ಇವಳ್ದು" ಎಂದರು ಅತ್ತೆ. ಆದರೆ ಸರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮುಂದೆ ನಡೆದರು.

ಮನೆ ಮುಂದೆ ಅವರು ಸರ ಹಾಕಿದ್ದನ್ನು ನಾನು ನೋಡಲಿಲ್ಲ. ಆ ಹೊತ್ತಿನಲ್ಲಿ ನಾನು ಎದುರಿಗಿರಬಾರದು ಎಂದು ಕೊಟ್ಟಿಗೆಯ ಕಡೆ ನಿಂತು ಚಕ್ರದ ಕೆಸರು ಒರೆಸುತ್ತಿದ್ದೆ. ನೆರೆಮನೆಯ ಹೆಂಗಸೊಬ್ಬಳು, "ಎಲ್ಲಿತ್ತೇ ಮಾರಾಯ್ತಿ?" ಎಂದು ಕೇಳಿದ್ದು ಕೇಳಿಸಿತು. "ನನ್ನ ಕೈಯಲ್ಲೇ ಇತ್ತು, ನಂಗೇ ಗೊತ್ತಿರ್ಲಿಲ್ಲ" ಎಂದು ಅತ್ತೆ ಹೇಳಿದ್ದೂ ಕೇಳಿಸಿತು. ಆ ಮಾತು ಕೇಳಿದ ಮೇಲೆ ಅವರ ಮೇಲಿದ್ದ ನನ್ನ ಬೇಸರ ಹೋಯಿತು.

ಭೂಮಿಗೆ ಬೇರೆ ತುತ್ತು ಇಡಬೇಕೆಂದು ಅತ್ತೆ ಸೊಸೆ ಇಬ್ಬರೂ ಮತ್ತೆ ಕಡುಬು ಬೇಯಿಸಿದರು. ಬಿಡದೆ ನನಗೂ ಬಡಿಸಿದರು. ಒಳಗೆ ಇಬ್ಬರೂ ಉಪ್ಪು ಹೆಚ್ಚೋ ಕಮ್ಮಿಯೋ ಎಂದು ಜಗಳವಾಡುತ್ತಿದ್ದರು. ಜಗುಲಿಯಲ್ಲಿ ಒಬ್ಬಳೇ ಕೂತು ಉಣ್ಣುತ್ತ ಅದನ್ನು ಕೇಳುತ್ತಿದ್ದೆ. ಉಪ್ಪಿನ ಜಗಳವಾಡಲು ಮನೆಯಲ್ಲಿ ಇನ್ನೊಬ್ಬರು ಬೇಕು, ಮಕ್ಕಳೇ.

ಬಸ್ ಸ್ಟ್ಯಾಂಡಿನವರೆಗೂ ಅತ್ತೆಯೇ ಬಂದರು. ಬಸ್ಸು ಬರುವಾಗ, "ಅಕ್ಕ, ತುತ್ತು ಅಗೆದಿದ್ದು ಯಾರ ಹತ್ರಾನೂ ಹೇಳ್ಬೇಡಿ" ಎಂದರು. ಹೇಳುವುದಿಲ್ಲ ಎಂದೆ. ಹೇಳಲು ನನಗೆ ಯಾರಿದ್ದಾರೆ ಎಂದು ಅವರಿಗೆ ಹೇಳಲಿಲ್ಲ. ಯಾರ ಹೆಸರನ್ನೂ ಬರೆಯದೆ ನಿಮಗೆ ಮಾತ್ರ ತಿಳಿಸಿದ್ದೇನೆ. ನೀವೂ ನಿಮ್ಮಲ್ಲೇ ಇಟ್ಟುಕೊಳ್ಳಿ.

ಈ ವ್ಯಾಪಾರದಲ್ಲಿ ಏನು ಸಿಗುತ್ತದೆ ಎಂದು ನಿಮ್ಮಮ್ಮ ಆಗಾಗ ಕೇಳುತ್ತಾಳೆ. ಮಾತು ಕೊಟ್ಟಿರದಿದ್ದರೆ ಅವಳಿಗೆ ಆ ದಿನದ್ದನ್ನು ಹೇಳಬಹುದಿತ್ತು. ಆ ಹುಡುಗಿ ಅಲ್ಲೇ ಇದ್ದಾಳೆ ಎಂದುಕೊಂಡಿದ್ದೇನೆ. ಅವಳು ನನಗೆ ಮತ್ತೆ ಫೋನು ಮಾಡಲಿಲ್ಲ. ಮೊದಮೊದಲು ಫೋನು ಕೂಗಿದಾಗಲೆಲ್ಲ ಅವಳೇ ಇರಬಹುದೆಂದು ಓಡಿ ಹೋಗಿ ಎತ್ತುತ್ತಿದ್ದೆ. ಈಗ ಓಡುವುದಿಲ್ಲ. ನನಗೆ ಫೋನು ಮಾಡುವವರು ಏನನ್ನಾದರೂ ಕಳೆದುಕೊಂಡವರು. ಕಳೆದದ್ದು ಸಿಕ್ಕವರಿಗೆ ನನ್ನಿಂದ ಏನು ಕೆಲಸ? ಅವಳ ಫೋನು ಬಾರದಿದ್ದರೇ ಒಳ್ಳೆಯದು.