ಎರಡು ಲಿಂಗದ ದೊಡ್ಡವ್ವ

ಸೋಮವಾರ ಮುಂಜಾನೆ ಮಾರ್ಕೆಟ್ಟಿನಿಂದ ತಂದ ಬಿಲ್ವಪತ್ರಿಯ ಕಟ್ಟು ಬಿಚ್ಚಿ ಕೂತಿದ್ದೆ. ಹುಳ ತಿಂದ ಎಲೆಗಳನ್ನು ಆರಿಸಿ ಚಿವುಟುವಾಗ ಆ ಒಗರು ವಾಸನೆ ಬೆರಳಿಗೆ ಹತ್ತಿತು. ಮೂಗಿಗೆ ಅಷ್ಟೇನೂ ಹಿತವಾದ ವಾಸನೆಯಲ್ಲ ಅದು. ಆದರೂ ಕೈ ತೊಳೆಯಲು ಮನಸ್ಸಾಗಲಿಲ್ಲ. ನನ್ನ ತವರೂರು ಸರಸಂಬಾದಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡಿದ್ದ ಮನೆಯ ಹಿತ್ತಲಲ್ಲಿ ಒಂದು ಪತ್ರಿ ಗಿಡವಿತ್ತು. ಆ ಮನೆಯ ದೊಡ್ಡವ್ವ ದಿನಾ ಮುಂಜಾನೆ ಹೀಗೇ ಎಲೆ ಆರಿಸುತ್ತಿದ್ದಳು. ನಮಗೂ ಆಕೆಗೂ ರಕ್ತಸಂಬಂಧವೇನಿಲ್ಲ. ಓಣಿಯ ಮಕ್ಕಳಿಗೆಲ್ಲ ಆಕೆ ದೊಡ್ಡವ್ವ, ಅಷ್ಟೇ.

ಆಕೆಯ ಕೊರಳಲ್ಲಿ ಎರಡು ಲಿಂಗಗಳಿದ್ದವು. ನಮ್ಮಲ್ಲಿ ಒಬ್ಬರಿಗೆ ಒಂದೇ ಲಿಂಗ. ಕೂಸಾಗಿದ್ದಾಗ ಕಟ್ಟಿದ್ದನ್ನು ಸತ್ತ ದಿನ ಅಂಗೈಯಲ್ಲಿಟ್ಟು, ಮನುಷ್ಯನನ್ನು ಕೂರಿಸಿ, ಅವನ ಜೊತೆಗೇ ಮಣ್ಣು ಮಾಡುತ್ತಾರೆ. ಒಬ್ಬರ ಲಿಂಗ ಇನ್ನೊಬ್ಬರ ಕೊರಳಿಗೆ ಬರುವ ಮಾತೇ ಇಲ್ಲ. ದೊಡ್ಡವ್ವನ ಎರಡನೆಯ ಲಿಂಗ ಆಕೆಯ ಗಂಡನದು.

ಆ ಗಂಡನನ್ನು ನಾನು ಕಂಡವಳಲ್ಲ. ನಾನು ಹುಟ್ಟುವ ಮೊದಲಿನ ಸಂಗತಿ, ಅವ್ವನ ಬಾಯಿಂದ ಕೇಳಿದ್ದು. ಆಗ ನಮ್ಮದು ನಿಜಾಮನ ಸೀಮೆ, ಸೊಲ್ಲಾಪುರ ಇಂಗ್ರೇಜರದು. ಆತ ಸೊಲ್ಲಾಪುರಕ್ಕೆ ಹೋಗಿ ಲಾರಿ ನಡೆಸುವುದು ಕಲಿತ, ಅಲ್ಲಿಂದಲೇ ಪಲ್ಟನ್ ಸೇರಿ ಬರ್ಮಾದ ಲಡಾಯಿಗೆ ಹೋದ. ಒಮ್ಮೆ ರಜೆಯಲ್ಲಿ ಬಂದಾಗ, ಹೊಳೆ ದಾಟುವಾಗ ಲಿಂಗ ಕಳೆದುಹೋಗುವುದು ಸ್ವಲ್ಪದರಲ್ಲಿ ತಪ್ಪಿತೆಂದು ಹೇಳಿ, ಅದನ್ನು ಹೆಂಡತಿಯ ಕೈಗೆ ಕೊಟ್ಟು ಹೋದ. ಲಡಾಯಿ ಮುಗಿಯಿತು. ಇನ್ನು ಊರಿಗೇ ಬರುತ್ತೇನೆಂದು ಹೇಳಿ ಕಳಿಸಿದ. ಬರಲಿಲ್ಲ... ಆಸಾಮಿನ ಗುಡ್ಡಗಳ ಮೇಲೆ ಫೌಜಿನ ಸಾಮಾನು ಸಾಗಿಸುವ ವಿಮಾನವೊಂದು ಕಾಣೆಯಾಗಿದೆ, ಆತನೂ ಅದರಲ್ಲಿದ್ದ ಎಂದು ಸುದ್ದಿ ಬಂತು. ಕೆಲವು ತಿಂಗಳ ಮೇಲೆ, ಸತ್ತಿದ್ದಾನೆಂದು ತಿಳಿಯತಕ್ಕದ್ದು ಎಂದು ಇನ್ನೊಂದು ಸುದ್ದಿ. ತಿಳಿಯತಕ್ಕದ್ದಂತೆ! ದೊಡ್ಡವ್ವನಿಗೆ ಆ ಮಾತು ಕಡೆಯವರೆಗೂ ಸಿಟ್ಟು ತರಿಸುತ್ತಿತ್ತು.

ಮನೆಯ ಹಿರಿಯರು ಮಾತ್ರ ಹಾಗೇ ತಿಳಿದರು. ಅವರದೂ ತಪ್ಪಲ್ಲ. ಹೆಣ ಸಿಗಲಿಲ್ಲವೆಂದು ಮಗನನ್ನು ಗತಿಯಿಲ್ಲದೆ ಬಿಡುವುದು ಯಾವ ತಾಯಿಗೆ ಆಗುತ್ತದೆ? ದೊಡ್ಡವ್ವ ತವರಾದ ಯಡ್ರಾಮಿಗೆ ಅಣ್ಣನ ಹೆಂಡತಿಯ ಬಾಣಂತನಕ್ಕೆ ಹೋಗಿದ್ದಳು. ಗಂಡನ ಲಿಂಗ ದೇವರ ಜಗಲಿಯ ಮೇಲಿತ್ತು. ಅತ್ತೆ, ಮೈದುನ ಕೂಡಿ ಹುಲ್ಲಿನಿಂದ ಮನುಷ್ಯನ ಆಕಾರ ಮಾಡಿಸಿದರು. ಅದನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ಊರ ಅಯ್ಯನವರನ್ನು ಕರೆಸಿ ಹೊಲದಲ್ಲಿ ಮಣ್ಣು ಮಾಡಿಬಿಟ್ಟರು. ಸೊಸೆ ಇದ್ದರೆ ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಆಕೆ ಊರಲ್ಲಿಲ್ಲದ ದಿನ ನೋಡಿದ್ದರು.

ದೊಡ್ಡವ್ವ ತಿರುಗಿ ಬಂದಳು. ಅಂಗಳದಲ್ಲೇ ಸಂಗತಿ ತಿಳಿಯಿತು. ಕಾಲಿಗೆ ನೀರು ಕೊಡಲು ಬಂದವರನ್ನು ದಾಟಿ ಒಳಗೆ ಹೋಗಿ ಗುದ್ದಲಿ ಹಿಡಿದುಕೊಂಡು ಬಂದಳಂತೆ. ನಡು ಮಧ್ಯಾಹ್ನ, ಅರ್ಧ ಊರು ಹಿಂದೆ ಹಿಂದೆ. ಹೊಲದಲ್ಲಿ ಆಕೆ ಅಗೆಯತೊಡಗಿದಾಗ ಅಯ್ಯನವರು ಓಡಿ ಬಂದರು.

"ಮಣ್ಣಿಗಿ ಕೊಟ್ಟಿದ್ದು ತಿರುಗಿ ತಗೀಬಾರದವ್ವ," ಎಂದರು.

"ಮನುಷ್ಯಾನ್ನ ಕೊಟ್ಟಿದ್ರ ತಗೀತಿದ್ದಿಲ್ರಿ ಅಯ್ಯನವ್ರ. ನೀವು ಹುಲ್ಲು ಕೊಟ್ಟೀರಿ. ಹುಲ್ಲು ಅಲ್ಲೇ ಇರ್ಲಿ."

ಹುಲ್ಲನ್ನು ಅಲ್ಲೇ ಬಿಟ್ಟು ಲಿಂಗವನ್ನು ತೆಗೆದು, ಸೆರಗಿನಿಂದ ಒರೆಸಿ, ಅಲ್ಲೇ ಕೊರಳಿಗೆ ಹಾಕಿಕೊಂಡಳು. ಅಂದಿನಿಂದ ಅದು ಜಗಲಿಗೆ ಹೋಗಲಿಲ್ಲ.

ನಾನು ತಿಳಿವಳಿಕೆ ಬಂದಾಗಿನಿಂದ ನೋಡಿದ್ದು ಈ ದೊಡ್ಡವ್ವನನ್ನು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕುಂಕುಮ. ಓಣಿಯಲ್ಲಿ ಯಾವ ಬಸುರಿಯದಾದರೂ ಕುಬಸದ ಕಾರ್ಯವಾದರೆ ಹೆಂಗಸರಿಗೆ ಪೇಚಾಟ. ಮುತ್ತೈದೆಯರಿಗೆ ಉಡಿ ತುಂಬುತ್ತಾ ದೊಡ್ಡವ್ವನ ಹತ್ತಿರ ಬಂದಾಗ ಕೈ ತಡೆಯುತ್ತಿತ್ತು. ತುಂಬಿದರೆ ಒಂದು ಅನುಮಾನ, ಬಿಟ್ಟರೆ ಇನ್ನೊಂದು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಮ್ಮೆ ನಮ್ಮ ಮನೆಯಲ್ಲೇ ಹೀಗಾದಾಗ ದೊಡ್ಡವ್ವ ನೆಟ್ಟಗೆ ಹೇಳಿದಳು.

"ಅವರ ಇವರ ಮಾರಿ ಯಾಕ ನೋಡ್ತೀರಿ, ನನ್ನೇ ಕೇಳ್ರಿ. ಗಂಡ ಬರ್ತಾನಂತ ನಾ ಅನ್ನಾಕತ್ತಿಲ್ಲ. ಹೋಗ್ಯಾನಂತ ಕಣ್ಣಲೇ ನೋಡಿದವ್ರು ಯಾರರ ನನ್ನ ಮುಂದ ಬಂದು ಹೇಳ್ಲಿ. ಅಲ್ಲೀತನ ನಾ ಹಿಂಗೇ."

ಅವ್ವ ಆಕೆಯ ಉಡಿ ತುಂಬಿದಳು. ನಮ್ಮವ್ವ ಅಂಜುಬುರುಕಿ, ಬೆಕ್ಕು ಅಡ್ಡ ಬಂದರೆ ವಾಪಸು ಬರುವವಳು. ಆ ದಿನ ಮಾತ್ರ ಅದೆಲ್ಲಿಂದ ಧೈರ್ಯ ಬಂತೋ... ನನಗೆ ಇವತ್ತಿಗೂ ಅದು ಅಭಿಮಾನದ ಸಂಗತಿ.

ನಮ್ಮೂರಿಗೆ ಆಗ ಆಳಂದದಿಂದ ಒಂದು ಮುದಿ ಬಸ್ಸು ಬರುತ್ತಿತ್ತು. ಏರು ಹತ್ತಲಾರದೆ ಕೆಮ್ಮಿ ನಿಲ್ಲುತ್ತಿದ್ದ ಅದನ್ನು ಎಲ್ಲರೂ ಡಕೋಟಾ ಎಂದೇ ಕರೆಯುತ್ತಿದ್ದರು. ದೊಡ್ಡವ್ವ ಮಾತ್ರ ಎಂದೂ ಕರೆಯಲಿಲ್ಲ. ಆಕೆಯ ಗಂಡ ಹತ್ತಿದ ವಿಮಾನದ ಹೆಸರೂ ಅದೇ ಎಂದು ನನಗೆ ಆಮೇಲೆ ತಿಳಿಯಿತು.

ಅದೇ ಬಸ್ಸಿನಿಂದ ಒಂದು ದಿನ ಆ ಫೌಜಿ ಇಳಿದ. ಅಫಜಲಪುರದ ಕಡೆಯ ರೈತ, ಪಲ್ಟನ್ ಬಿಟ್ಟು ಬಹಳ ವರ್ಷವಾಗಿತ್ತು. ಹತ್ತಿರದ ಕಿಣ್ಣಿ ಸುಲ್ತಾನವೆಂಬ ಹಳ್ಳಿಗೆ ಲಗ್ನಕ್ಕೆ ಬಂದಿದ್ದನಂತೆ. ಸರಸಂಬಾದಲ್ಲಿ ಎರಡು ಲಿಂಗ ಕಟ್ಟಿಕೊಂಡ ಹೆಂಗಸೊಬ್ಬಳಿದ್ದಾಳೆ ಎಂದು ಅಲ್ಲಿ ಯಾರೋ ಹಾಸ್ಯ ಮಾಡಿದರು. ಗಂಡನ ಹೆಸರು ಕೇಳಿ ಈತ ಊಟ ಬಿಟ್ಟು ಎದ್ದನಂತೆ. ಇಬ್ಬರೂ ಒಂದೇ ತುಕಡಿಯಲ್ಲಿ ಲಾರಿ ನಡೆಸಿದವರು.

ದೊಡ್ಡವ್ವ ಮೊದಲು ರೊಟ್ಟಿ, ಪುಂಡಿ ಪಲ್ಯ ಬಡಿಸಿ, ಎದುರಿಗೆ ಕೂತಳು. ಅವ್ವ, ನಾನು ಬಾಗಿಲ ಹತ್ತಿರ ಇದ್ದೆವು. ಒಳಗಿನಿಂದ ಆಕೆಯ ಮುದಿ ಅತ್ತೆಯೂ ಬಂದು ಗೋಡೆಗೊರಗಿದಳು.

"ಲಡಾಯಿ ನಡದಾಗ ಗುಂಡಿನ ಅಂಜಿಕಿ ಇತ್ರಿ," ಎಂದ ಆತ. "ಮುಗದ ಮ್ಯಾಲ ವಿಮಾನದ ಅಂಜಿಕಿ. ದುಡದು ದುಡದು ಸವದ ಮಶೀನು, ಮ್ಯಾಲ ಮಳಿಗಾಲದ ಮೋಡ. ಎಲ್ಲಾರಿಗೂ ಮನಿ ಮುಟ್ಟೂ ಗಡಿಬಿಡಿ. ಇದೊಂದೇ ಅಲ್ರಿ ಅಕ್ಕಾರ, ಆಗ ಹಂಗ ಬಿದ್ದವು ಭಾಳ ಅದಾವ."

"ನೀವು ಕಣ್ಣಲೇ ನೋಡೀರೇನ್ರಿ ಅಣ್ಣಾರ?"

"ನೋಡೀನ್ರಿ. ಹುಡುಕಾಕ ಗುಡ್ಡ ಹತ್ತಿದವ್ರಾಗ ನಾನೂ ಇದ್ದೆ."

"ಹ್ಯಾಂಗಿದ್ರು?"

ಆತ ಬಾಯಿಗೆ ಎತ್ತಿದ ತುತ್ತನ್ನು ಇಳಿಸಿ ಕೈಯಲ್ಲೇ ಹಿಡಿದುಕೊಂಡ. ಆಮೇಲೆ ದೊಡ್ಡವ್ವನ ಕೊರಳ ಕಡೆ ನೋಡಿದ.

"ಕೂತಾಂಗ ಇದ್ರು ಅಕ್ಕಾರ. ಬೆನ್ನು ಹಚ್ಚಿ, ಕೂತಾಂಗೇ... ಕೆಳಗ ತರೂದು ಆಗ್ಲಿಲ್ಲ. ಅಲ್ಲೇ ಮಣ್ಣು ಕೊಟ್ಟು ಕಲ್ಲು ಒಟ್ಟಿ ಬಂದಿವಿ. ಸುದ್ದಿ ಬರದವ್ರು ಯಾರೋ, ಏನ್ ಬರದ್ರೋ ನನಗ ಗೊತ್ತಿಲ್ರಿ."

ದೊಡ್ಡವ್ವ ಅಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿ, "ಉಣ್ರಿ," ಎಂದಳು. ಆತ ಉಂಡು ಕೈ ತೊಳೆದು ಬಸ್ಸು ಹತ್ತುವವರೆಗೂ ಜೊತೆಗೆ ನಡೆದು ಬಂದಳು.

ಮರುದಿನ ಮುಂಜಾನೆ ಮೈದುನನನ್ನು ಕರೆದಳು. "ನಡೀರಿ ಹೊಲಕ್ಕ. ಅಯ್ಯನವ್ರಿಗೂ ಹೇಳಿ ಕಳಸ್ರಿ. ಕುಣಿ ನಾ ತೋಡ್ತೇನಿ, ನೀವು ಬಂದು ನಿಂತ್ರ ಸಾಕು."

ಹುಲ್ಲು ಹೂಳಿದ್ದ ಜಾಗ ಬಿಟ್ಟು ಬೇರೆ ಕಡೆ ತೋಡಿದಳು. ಕೆಳಗೆ ಪತ್ರಿ ಹಾಸಿ, ಗಂಡನ ಲಿಂಗವನ್ನು ಕೊರಳಿನಿಂದ ತೆಗೆದು ಇಟ್ಟಳು. ಬಳೆ ಒಡೆಯಲು ಬಂದ ಹೆಂಗಸರನ್ನು ಹತ್ತಿರ ಬಿಡಲಿಲ್ಲ. ಒಂದೊಂದೇ ಬಳೆಯನ್ನು ಒಡೆಯದಂತೆ ತಾನೇ ಕಳಚಿ ಲಿಂಗದ ಸುತ್ತ ಇಟ್ಟಳು. ಮಣ್ಣು ಎಳೆಯುವಾಗ ಅತ್ತೆ ಆಕೆಯ ಕೈ ಹಿಡಿದು, "ಈಗರ ಒಪ್ಪಿದೇನವ್ವ?" ಎಂದು ಅತ್ತಳು.

"ಒಪ್ಪೂ ಮಾತಲ್ಲತ್ತಿ. ಇಷ್ಟು ದಿನ ನನಗ ಯಾರೂ ಹೇಳಿದ್ದಿಲ್ಲ," ಎಂದಳು ದೊಡ್ಡವ್ವ. ಆಗ ಅತ್ತಳು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದುದನ್ನು ನೋಡಲಾರದೆ ನಾನು ಅವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡೆ.

ನನ್ನ ಮದುವೆ ಗೊತ್ತಾದಾಗ, ಗಂಡನ ಮನೆಗೆ ಹೋಗುವ ಮುಂಚೆ ಒಂದು ಮುಂಜಾನೆ ಆಕೆಯ ಹತ್ತಿರ ಕೂತಿದ್ದೆ. ನಾಲ್ಕಕ್ಷರ ಓದಿದ್ದ ನನಗೆ ಬಹಳ ದಿನದಿಂದ ಒಂದು ಅನುಮಾನ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ. "ದೊಡ್ಡವ್ವ, ವಿಮಾನ ಗುಡ್ಡಕ್ಕ ಬಡದ್ರ ಮಂದಿ ಕೂತಾಂಗ ಇರ್ತಾರೇನು?"

"ಇರಂಗಿಲ್ಲ. ನನಗ ಅಷ್ಟೂ ತಿಳ್ಯಂಗಿಲ್ಲೇನ್ ಬೇ?" ಎಂದಳು. ಸಿಟ್ಟಿರಲಿಲ್ಲ. "ಅಂವ ಹೇಳೂಮುಂದ ನಾ ಅವನ ಕೈ ನೋಡಾಕತ್ತಿದ್ದೆ. ಹಿಡದ ತುತ್ತು ಬಾಯಿಗಿ ಒಯ್ಯಾಕ ಆಗ್ಲಿಲ್ಲ ಅವಗ. ಅಂವ ನೋಡಿದ್ದು ಖರೇ. ಏನ್ ನೋಡ್ಯಾನ, ಅದು ಅವನ ಹೊಟ್ಯಾಗೇ ಇರ್ಲಿ. ನೋಡಿದಂವ ಬಸ್ ಹತ್ತಿ ಬಂದು, ನನ್ನ ಮುಂದ ಕೂತು ಹೋಗ್ಯಾನ ಅಂದ. ನನಗ ಅದು ಬೇಕಿತ್ತು."

ಆಮೇಲೆ ನಾನು ಜೇವರ್ಗಿಯ ಸೊಸೆಯಾದೆ, ಮಕ್ಕಳ ಶಾಲೆಗೆಂದು ಕಲಬುರಗಿಗೆ ಬಂದೆ. ದೊಡ್ಡವ್ವ ತೀರಿಕೊಂಡಾಗ ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಸಂಸಾರದ ಗದ್ದಲದಲ್ಲಿ ಆಕೆಯನ್ನು ಮರೆತೇ ಬಿಟ್ಟಿದ್ದೆ ಎಂದರೂ ನಡೆದೀತು...

ಹೋದ ವರ್ಷ ನಮ್ಮ ಮನೆಯವರನ್ನು ಸೊಲ್ಲಾಪುರದ ದವಾಖಾನೆಗೆ ಸೇರಿಸಿದ್ದೆವು. ಒಂದು ಮುಂಜಾನೆ ಮಗ ಬಂದು, ಊರಿಗೆ ಕರೆದುಕೊಂಡು ಹೋಗೋಣ, ಮನೆಯಲ್ಲೇ ಆರಾಮಾಗುತ್ತಾರೆ ಎಂದ. ಮುಖದ ಮೇಲೆ ಆಕ್ಸಿಜನ್ನಿನ ಮುಚ್ಚಳ ಹಾಗೇ ಇತ್ತು. ಆಂಬುಲೆನ್ಸಿನಲ್ಲಿ ಮಗ, ಮೈದುನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಳಂದದ ಹತ್ತಿರ ಬಂದಾಗ ನಮ್ಮ ಮನೆಯವರ ಎದೆಯ ಮೇಲೆ ಕೈಯಿಟ್ಟೆ. ಆಮೇಲೆ ಪಾದ ಮುಟ್ಟಿದೆ, ತಣ್ಣಗಿತ್ತು. ಗಾಡಿ ನಿಲ್ಲಿಸು ಎಂದೆ.

"ಅವ್ವಾ, ಮನಿ ಮುಟ್ಟಲಿ ತಡಿ," ಎಂದ ಮಗ. ದವಾಖಾನೆಯಲ್ಲೇ ಜೀವ ಹೋದದ್ದನ್ನು ನನ್ನ ಮೇಲಿನ ಪ್ರೀತಿಗೇ ಮುಚ್ಚಿಟ್ಟಿದ್ದ, ಅದು ನನಗೆ ಗೊತ್ತು. ಊರೆಲ್ಲ ಮಾಡುವುದೇ ಹಾಗೆ. ಹೆಂಡತಿಗೆ ಕಟ್ಟಕಡೆಗೆ ಹೇಳುತ್ತಾರೆ.

ಮುಚ್ಚಳ ನಾನೇ ತೆಗೆದೆ. "ನಿಮ್ಮಪ್ಪ ಹೋಗ್ಯಾರಪ್ಪ. ನಾ ನೋಡೀನಿ. ಇನ್ನ ಯಾರ ಮುಂದೂ ಆರಾಮ ಅದಾರಂತ ಹೇಳಬ್ಯಾಡ್ರಿ."

ಸೊಲ್ಲಾಪುರದಿಂದ ತಡೆದು ಹಿಡಿದಿದ್ದ ಅಳುವನ್ನು ಮಗ ಆಗ ಬಿಟ್ಟ. ರಸ್ತೆಯ ಬದಿಯಲ್ಲೇ ಅವನ ತಲೆ ಹಿಡಿದುಕೊಂಡು ಕೂತೆ. ದೊಡ್ಡವ್ವ ಇಲ್ಲವೆಂಬುದು ಇಷ್ಟು ವರ್ಷದ ಮೇಲೆ ಅಲ್ಲಿ ನನಗೆ ತಾಗಿತು. ಮನೆ ಮುಟ್ಟಿದಾಗ ಬಾಗಿಲಲ್ಲಿ ಕಾಯುತ್ತಿದ್ದವರಿಗೆಲ್ಲ ನಾನೇ ಹೇಳಿದೆ. ಸಂಗತಿ ತಿಳಿಯದವರು ಈಗಲೂ ಫೋನಿನಲ್ಲಿ ಅವರನ್ನು ಕೇಳುತ್ತಾರೆ. ಮಗ ಫೋನು ಇಸಿದುಕೊಳ್ಳಲು ಬರುತ್ತಾನೆ, ನಾನು ಕೊಡುವುದಿಲ್ಲ. ಹೋದರು, ನಾನು ಕಣ್ಣಾರೆ ನೋಡಿದ್ದೇನೆ ಎನ್ನುತ್ತೇನೆ.